ಮಕ್ಕಳ ಕೀಲೂತ, ಕರುಳೂತ: ಔಷಧ ಶುರುವಾಗುವ ಮುಂಚೆ ಯಾವ ಜೀನ್ ಪರೀಕ್ಷೆ ಬೇಕು, ಯಾವುದು ದಂಡ

ಚೀಟಿಯಲ್ಲಿ ‘ಅಜಾಥಯೋಪ್ರಿನ್’ ಎಂದು ಬರೆದಿದ್ದರೆ ಮೊದಲ ಮಾತ್ರೆ ಮಗುವಿನ ಬಾಯಿಗೆ ಹೋಗುವ ಮುಂಚೆ ಒಂದು ಮಾತು ಕೇಳಿ: “ಡಾಕ್ಟ್ರೇ, ಇವಳಿಗೆ ಎನ್‌ಯುಡಿಟಿ15 ಜೀನ್ ನೋಡಿಸಬೇಕಾ?” ಅದೇ ಚೀಟಿಯಲ್ಲಿ ‘ಮೆಥೋಟ್ರೆಕ್ಸೇಟ್’ ಎಂದಿದ್ದರೆ ಜೀನ್ ಪರೀಕ್ಷೆಯ ಮಾತೇ ಬೇಡ. ವಾರದ ಯಾವ ದಿನ ಎಂದು ಕೇಳಿ, ದಿನದ ಹೆಸರನ್ನು ಬರೆಸಿಕೊಳ್ಳಿ. ಎರಡೂ ಉರಿಯೂತ ತಗ್ಗಿಸುವ ಔಷಧಗಳು. ಮುಂದಿನದರಲ್ಲಿ ಮುಕ್ಕಾಲು ಪಾಲು ಈ ಎರಡು ಮಾತಿನ ವಿವರಣೆಯೇ.

ತುಮಕೂರು, ಶಿರಾ, ಮಧುಗಿರಿ, ಪಾವಗಡ, ಕುಣಿಗಲ್ ಕಡೆಯಿಂದ ಮಗುವನ್ನು ಬೆಂಗಳೂರಿನ ತಜ್ಞರ ಬಳಿ ಕರೆದೊಯ್ದು, ಊರಿನಲ್ಲೇ ಔಷಧ ಮುಂದುವರಿಸುವ ಮನೆಗಳಿಗೆ ಇದು. ಕಾಯಿಲೆಗಳು ಮುಖ್ಯವಾಗಿ ಎರಡು. ಒಂದು, 16 ವರ್ಷದೊಳಗೆ ಶುರುವಾಗಿ ಆರು ವಾರಕ್ಕಿಂತ ಹೆಚ್ಚು ಕಾಲ ಇಳಿಯದ, ಬೇರೆ ಕಾರಣ ಸಿಗದ ಕೀಲೂತ. ಇದನ್ನು ಜೆಐಎ ಎನ್ನುತ್ತಾರೆ. ಇನ್ನೊಂದು, ಕ್ರೋನ್ಸ್ ಮತ್ತು ಅಲ್ಸರೇಟಿವ್ ಕೊಲೈಟಿಸ್ ಎಂಬ ಕರುಳಿನ ಉರಿಯೂತ.

ಜೀನ್ ಪರೀಕ್ಷೆಗೆ ಮೂರು ಬೇರೆ ಬೇರೆ ಪ್ರಶ್ನೆ ಹಾಕಬಹುದು. ಇದು ನಿಜಕ್ಕೂ ಉರಿಯೂತವೇ, ಅಥವಾ ಹಾಗೆ ಕಾಣುವ ಬೇರೇನೋ? ಈ ಔಷಧ ಈ ಮಗುವಿಗೆ ವಿಷವಾಗುತ್ತದೆಯೇ? ಈ ಔಷಧ ಈ ಮಗುವಿಗೆ ಹಿಡಿಯುತ್ತದೆಯೇ? ಮೊದಲ ಎರಡಕ್ಕೆ ಎಷ್ಟೋ ಸಲ ಗಟ್ಟಿ ಉತ್ತರ ಸಿಗುತ್ತದೆ. ಮೂರನೆಯದಕ್ಕೆ ಇವತ್ತಿಗೂ ಹೆಚ್ಚುಕಡಿಮೆ ಇಲ್ಲ. ಜಾಹೀರಾತಿನ ಪ್ಯಾಕೇಜುಗಳು ಆಸೆ ಹುಟ್ಟಿಸುವುದು ಮಾತ್ರ ಆ ಮೂರನೆಯದರ ಮೇಲೇ.

ಮೊದಲು ಒಂದು ಹಾಳೆ, ಒಂದು ಪೆನ್ನು

ಯಾವ ಲ್ಯಾಬಿಗೂ ಹೋಗುವ ಮುಂಚೆ ಮನೆಯಲ್ಲೇ ವಂಶದ ಪಟ್ಟಿ ಮಾಡಿ. ಮಗು, ಒಡಹುಟ್ಟಿದವರು, ಅಪ್ಪ ಅಮ್ಮ, ಅವರ ಒಡಹುಟ್ಟಿದವರು, ತಾತ ಅಜ್ಜಿ, ಮೂರು ತಲೆಮಾರು ಸಾಕು. ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ. ಪಕ್ಕದಲ್ಲಿ ಬರೆಯಬೇಕಾದದ್ದು: ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳು, ಬೆರಳು ಸೊಟ್ಟಗಾದವರು, ನಡಿಗೆ ಕುಂಟಾದವರು, ವರ್ಷಗಟ್ಟಲೆ ಭೇದಿ ಇದ್ದವರು, ಟಿಬಿ ಮಾತ್ರೆ ತಿಂದವರು, ಯಾವುದೋ ಔಷಧದಿಂದ ಬಿಳಿ ರಕ್ತಕಣ ಕುಸಿದವರು.

ಗಂಡ ಹೆಂಡತಿ ಸಂಬಂಧದವರಾಗಿದ್ದರೆ ಎರಡು ಗೆರೆ ಎಳೆದು ಸೇರಿಸಿ, ಹೇಗೆ ಸಂಬಂಧ ಎಂದು ಬರೆಯಿರಿ. ಸೋದರಮಾವನಿಗೆ ಕೊಡುವುದು, ಅತ್ತೆ ಮಗನಿಗೆ ಕೊಡುವುದು ನಮ್ಮ ಕಡೆ ಹೊಸದಲ್ಲ, ಮುಚ್ಚಿಡುವ ವಿಷಯವೂ ಅಲ್ಲ. ಡಾಕ್ಟರು ಕೇಳುವುದು ಲೆಕ್ಕಕ್ಕೆ, ತಪ್ಪು ಹೊರಿಸಲಿಕ್ಕಲ್ಲ. ಸಾಮಾನ್ಯವಾಗಿ ಒಂದು ಜೀನಿಗೆ ಎರಡು ಪ್ರತಿ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಸೋದರಮಾವನನ್ನು ಮದುವೆಯಾದವಳ ಮಗುವಿಗೆ ಯಾವುದೇ ಒಂದು ಜೀನಿನ ಎರಡೂ ಪ್ರತಿ ಒಂದೇ ಹಿರಿಯರಿಂದ ಬಂದಿರುವ ಸಾಧ್ಯತೆ ಎಂಟರಲ್ಲೊಂದು. ಅತ್ತೆ ಮಗ, ಮಾವನ ಮಗಳ ಜೋಡಿಯಾದರೆ ಹದಿನಾರರಲ್ಲೊಂದು. ಎರಡೂ ಪ್ರತಿ ಕೆಟ್ಟರೆ ಮಾತ್ರ ಬರುವ ಕಾಯಿಲೆಗಳಿಗೆ ಈ ಲೆಕ್ಕ ಮುಖ್ಯ. ಕಾಯಿಲೆ ಎಷ್ಟು ಅಪರೂಪವೋ, ಸಂಬಂಧದ ಮದುವೆಯಲ್ಲಿ ಅದು ಅಷ್ಟು ಪಟ್ಟು ಹೆಚ್ಚಾಗಿ ಕಾಣಿಸುತ್ತದೆ.

ಅಂಥದ್ದೊಂದನ್ನು ಹತ್ತಿರದಿಂದ ನೋಡೋಣ. ಮೂರರಿಂದ ಎಂಟು ವರ್ಷದೊಳಗೆ ಮಗುವಿನ ಬೆರಳ ಗೆಣ್ಣುಗಳು ದಪ್ಪಗಾಗುತ್ತವೆ, ನಡಿಗೆ ಬಾತುಕೋಳಿಯಂತಾಗುತ್ತದೆ, ಸೊಂಟ ಮಂಡಿ ಬಿಗಿಯುತ್ತವೆ. ನೋಡಿದವರೆಲ್ಲ ಕೀಲೂತ ಅನ್ನುತ್ತಾರೆ. ಗೆಣ್ಣನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಉರಿಯೂತದ ಗೆಣ್ಣು ಮೆತ್ತಗೆ, ಕೆಲವೊಮ್ಮೆ ಬೆಚ್ಚಗೆ ಇರುತ್ತದೆ, ಒತ್ತಿದರೆ ನೋಯುತ್ತದೆ. ಇದು ಮೂಳೆಯಷ್ಟೇ ಗಟ್ಟಿ, ಬಿಸಿಯಿಲ್ಲ. ಉರಿಯೂತ ತೋರಿಸುವ ರಕ್ತಪರೀಕ್ಷೆಗಳಾದ ಇಎಸ್ಆರ್, ಸಿಆರ್‌ಪಿ ಮತ್ತೆ ಮತ್ತೆ ನಾರ್ಮಲ್. ಬೆನ್ನಿನ ಪಕ್ಕದ ಎಕ್ಸ್‌ರೇ ತೆಗೆಸಿದರೆ ಬೆನ್ನುಮೂಳೆಯ ಬಿಲ್ಲೆಗಳು ಚಪ್ಪಟೆ. ಇದರ ಹೆಸರು ಪಿಪಿಆರ್‌ಡಿ. ಹಿಂದೆ ಡಬ್ಲ್ಯುಐಎಸ್‌ಪಿ3 ಎನ್ನುತ್ತಿದ್ದ, ಈಗ ಸಿಸಿಎನ್6 ಎನ್ನುವ ಜೀನಿನ ಎರಡೂ ಪ್ರತಿ ಕೆಟ್ಟಾಗ ಬರುತ್ತದೆ. ಇಲ್ಲಿ ಕೆಟ್ಟಿರುವುದು ಮೃದ್ವಸ್ಥಿ. ರೋಗನಿರೋಧಕ ಶಕ್ತಿ ಏನೂ ತಪ್ಪು ಮಾಡಿಲ್ಲ. ಆದ್ದರಿಂದ ಮೆಥೋಟ್ರೆಕ್ಸೇಟ್, ಸ್ಟೆರಾಯ್ಡ್, ದುಬಾರಿ ಇಂಜೆಕ್ಷನ್ ಯಾವುದೂ ಕೆಲಸ ಮಾಡುವುದಿಲ್ಲ, ಅಡ್ಡ ಪರಿಣಾಮ ಮಾತ್ರ ಉಳಿಯುತ್ತದೆ. ಇದೇ ಜಾತಿಯ ಇನ್ನೊಂದು ಪಿಆರ್‌ಜಿ4 ಜೀನಿನದು. ಅದರಲ್ಲಿ ಹುಟ್ಟಿನಿಂದಲೋ ಎಳವೆಯಲ್ಲೋ ಬೆರಳು ಮಡಚಿಕೊಂಡಿರುತ್ತದೆ, ಮಂಡಿಯಲ್ಲಿ ನೀರು ತುಂಬುತ್ತದೆ, ಆ ನೀರಿನಲ್ಲಿ ಉರಿಯೂತದ ಕಣಗಳಿರುವುದಿಲ್ಲ. ಎರಡು ಔಷಧ ಬದಲಿಸಿದರೂ ಊತ ಇಳಿಯದೆ, ರಕ್ತದ ವರದಿಯೂ ಸದಾ ತಣ್ಣಗಿದ್ದರೆ, ಮೂರನೆಯ ಔಷಧಕ್ಕಿಂತ ಮುಂಚೆ ಜೀನ್ ಪರೀಕ್ಷೆಯ ಮಾತೆತ್ತಿ. ಇಲ್ಲಿ ಅದಕ್ಕೆ ಕೊಟ್ಟ ದುಡ್ಡು ದಂಡವಲ್ಲ.

ನಮ್ಮ ಜಿಲ್ಲೆಗೆ ಸೇರಿದ ಇನ್ನೊಂದು ವಿಷಯವನ್ನೂ ಮರೆಯಬಾರದು. ಪಾವಗಡ, ಆಚೆ ಬಾಗೇಪಲ್ಲಿಯ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕಾಲು ನೋವು, ಬಿಗಿತ, ಕಾಲು ಸೊಟ್ಟಗಾಗುವುದು ಅದರಿಂದಲೂ ಬರುತ್ತದೆ. ಮಗುವಿನ ಹಲ್ಲಿನಲ್ಲಿ ಕಂದು ಗೆರೆ, ಸುಣ್ಣದಂಥ ಮಚ್ಚೆ ಇದ್ದರೆ ಮೊದಲೇ ಹೇಳಿ, ಕುಡಿಯುವ ನೀರು ಎಲ್ಲಿಯದು ಎಂದೂ ಹೇಳಿ.

ಕರುಳಿನ ವಿಷಯಕ್ಕೆ ಬಂದರೆ ವಯಸ್ಸೇ ಸೂಚನೆ. ಆರು ವರ್ಷದೊಳಗೆ, ಅದರಲ್ಲೂ ಎರಡು ವರ್ಷದೊಳಗೆ ರಕ್ತಭೇದಿ, ಗುದದ ಸುತ್ತ ಕೀವಿನ ಗುಳ್ಳೆ ಶುರುವಾದರೆ ಒಂದೇ ಜೀನಿನ ದೋಷ ಇರಬಹುದು. ಐಎಲ್10 ಎಂಬ ಉರಿಯೂತ ತಣಿಸುವ ಸಂಕೇತ, ಅಥವಾ ಅದನ್ನು ಹಿಡಿಯುವ ಗ್ರಾಹಿ, ಕೆಟ್ಟ ಮಕ್ಕಳಿಗೆ ಸಾಮಾನ್ಯ ಔಷಧಗಳು ಅಷ್ಟಾಗಿ ಹಿಡಿಯುವುದಿಲ್ಲ. ಅಸ್ಥಿಮಜ್ಜೆ ಕಸಿಯಿಂದ ಗುಣ ಕಾಣಬಹುದು. ಮೈಮೇಲೆ ಬಲೆಯಂಥ ನೇರಳೆ ಗೆರೆ, ಬಿಟ್ಟುಬಿಟ್ಟು ಜ್ವರ, ಎಳೆ ವಯಸ್ಸಿನಲ್ಲೇ ಲಕ್ವ ಹೊಡೆದರೆ ಎಡಿಎ2 ಜೀನ್ ನೋಡುತ್ತಾರೆ. 2014ರಲ್ಲಿ ಗುರುತಿಸಿದ ಈ ಕಾಯಿಲೆಗೆ ಟಿಎನ್ಎಫ್ ಎಂಬ ಉರಿಯೂತ ಹೆಚ್ಚಿಸುವ ಸಂಕೇತವನ್ನು ತಡೆಯುವ ಇಂಜೆಕ್ಷನ್ ಚೆನ್ನಾಗಿ ಹಿಡಿಯುತ್ತದೆ, ಮತ್ತೆ ಲಕ್ವ ಬರದಂತೆ ಕಾಯುತ್ತದೆ. ಜೀನಿನ ಉತ್ತರದಿಂದ ಔಷಧವೇ ಬದಲಾಗುವ ಅಪರೂಪದ ಸಂದರ್ಭಗಳು ಇವು.

ಅಜಾಥಯೋಪ್ರಿನ್: ಇಲ್ಲಿ ಪರೀಕ್ಷೆ ಬಿಡಬೇಡಿ

ಕೆರೆಗೆ ನೀರು ಬರುವ ಕಾಲುವೆ ಒಂದೇ, ಹೊರಹೋಗಲು ತೂಬು, ಕೋಡಿ ಎರಡಿವೆ ಎಂದುಕೊಳ್ಳಿ. ಅಜಾಥಯೋಪ್ರಿನ್ ಮೈಯೊಳಗೆ 6-ಎಂಪಿ (ಮರ್ಕ್ಯಾಪ್ಟೊಪ್ಯೂರಿನ್) ಆಗಿ, ಅಲ್ಲಿಂದ ಮುಂದೆ ಬಿಳಿ ರಕ್ತಕಣಗಳನ್ನು ಹಿಡಿತಕ್ಕೆ ತರುವ ಥಯೋಗ್ವಾನಿನ್ ಆಗುತ್ತದೆ. ಟಿಪಿಎಂಟಿ ಎಂಬ ಕಿಣ್ವ 6-ಎಂಪಿಯನ್ನು ಮೊದಲ ಹಂತದಲ್ಲೇ ಪಕ್ಕಕ್ಕೆ ಹರಿಸುತ್ತದೆ. ಎನ್‌ಯುಡಿಟಿ15 ಕೊನೆಯ ಹಂತದಲ್ಲಿ, ಡಿಎನ್ಎಗೆ ಸೇರಿಕೊಳ್ಳಲು ಸಿದ್ಧವಾದ ರೂಪವನ್ನು ಒಡೆಯುತ್ತದೆ. ಇವೆರಡರಲ್ಲಿ ಒಂದು ಕಟ್ಟಿಕೊಂಡರೂ ಅದೇ ಡೋಸು ಮಜ್ಜೆಯಲ್ಲಿ ತುಂಬಿ ಏರಿ ಒಡೆಯುತ್ತದೆ.

ಯುರೋಪಿನವರಲ್ಲಿ ಹೆಚ್ಚಾಗಿ ಕೆಡುವುದು ಟಿಪಿಎಂಟಿ. ಅಲ್ಲಿ ಸುಮಾರು ಹತ್ತರಲ್ಲೊಬ್ಬರಿಗೆ ಒಂದು ಪ್ರತಿ ದುರ್ಬಲ. ಹಾಗಾಗಿ ಹಳೆಯ ಪುಸ್ತಕ, ಹಳೆಯ ಲ್ಯಾಬ್ ಪಟ್ಟಿಗಳಲ್ಲಿ ಇರುವುದು ಟಿಪಿಎಂಟಿ ಒಂದೇ. ನಮ್ಮಲ್ಲಿ ಅದು ಕಡಿಮೆ, ಎನ್‌ಯುಡಿಟಿ15 ಹೆಚ್ಚು. 2014ರಲ್ಲಿ ಕೊರಿಯಾದ ಕ್ರೋನ್ಸ್ ರೋಗಿಗಳಲ್ಲಿ ಇದರ ಒಂದು ಅಕ್ಷರದ ವ್ಯತ್ಯಾಸ ಪತ್ತೆಯಾಯಿತು. 415ನೆಯ ಜಾಗದಲ್ಲಿ ಸಿ ಇರಬೇಕಾದಲ್ಲಿ ಟಿ. ಭಾರತದಲ್ಲೂ ಸುಮಾರು ಹತ್ತು ಮಂದಿಯಲ್ಲಿ ಒಬ್ಬರು ಇದರ ಒಂದು ಪ್ರತಿಯನ್ನು ಹೊತ್ತಿರುತ್ತಾರೆ. ಎರಡೂ ಪ್ರತಿ ಕೆಟ್ಟವರು ಕೆಲವು ನೂರರಲ್ಲಿ ಒಬ್ಬರು. ಸೋದರಮಾವನ ಮದುವೆಯ ಮಕ್ಕಳಲ್ಲಿ ಆ ಸಾಧ್ಯತೆ ಎರಡು ಮೂರು ಪಟ್ಟು. ‘ಟಿಪಿಎಂಟಿ ನಾರ್ಮಲ್’ ಎಂಬ ವರದಿ ಕೈಯಲ್ಲಿ ಹಿಡಿದು ನಿಶ್ಚಿಂತೆಯಿಂದ ಪೂರ್ತಿ ಡೋಸು ಶುರು ಮಾಡುವುದು ನಮ್ಮ ಕಡೆಯ ಮಕ್ಕಳಿಗೆ ಅರ್ಧ ಬಾಗಿಲು ಹಾಕಿ ಮಲಗಿದಂತೆ.

ಪರೀಕ್ಷೆ ಮಾಡಿಸುವ ಕ್ರಮ ಹೀಗೆ. ಲ್ಯಾಬಿಗೆ ಮೊದಲು ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಎನ್‌ಯುಡಿಟಿ15, ಟಿಪಿಎಂಟಿ ಎರಡನ್ನೂ ನೋಡುತ್ತೀರಾ? ನೋಡುವುದು ಜೀನನ್ನೋ, ಕಿಣ್ವದ ಮಟ್ಟವನ್ನೋ? ಜೀನೇ ಇರಲಿ. ಕಿಣ್ವದ ಮಟ್ಟವನ್ನು ಕೆಂಪು ರಕ್ತಕಣದಲ್ಲಿ ಅಳೆಯುತ್ತಾರೆ. ಮಗುವಿಗೆ ಹಿಂದಿನ ಮೂರು ತಿಂಗಳಲ್ಲಿ ರಕ್ತ ಹಾಕಿಸಿದ್ದರೆ ಅಲ್ಲಿ ಕಾಣುವುದು ರಕ್ತ ಕೊಟ್ಟವರ ಕಿಣ್ವ. ಜೀನ್ ಪರೀಕ್ಷೆಯಾದರೂ ರಕ್ತ ಹಾಕಿಸಿದ್ದನ್ನು ಲ್ಯಾಬಿನವರಿಗೆ ತಿಳಿಸಿಬಿಡಿ. ಬೇಕಾಗುವುದು 2ರಿಂದ 3 ಮಿ.ಲೀ. ರಕ್ತ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ. ಖಾಲಿ ಹೊಟ್ಟೆ ಬೇಕಿಲ್ಲ. ಮುದ್ದೆ ತಿಂದೇ ಬರಲಿ, ಮಗು ಅಳುವುದೂ ಕಡಿಮೆ. ರಕ್ತ ತೆಗೆದ ಕೂಡಲೇ ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸಬೇಕು. ಕುಲುಕಬಾರದು, ಹೆಪ್ಪುಗಟ್ಟಲೂ ಬಿಡಬಾರದು. ತುಮಕೂರಿನಲ್ಲಿ ತೆಗೆದದ್ದು ಬೆಂಗಳೂರು ತಲುಪಲು ಒಂದು ದಿನ ಹಿಡಿದರೂ ಡಿಎನ್ಎ ಕೆಡುವುದಿಲ್ಲ, ಫ್ರೀಜರಿನಲ್ಲಿ ಮಾತ್ರ ಇಡಬೇಡಿ. ಟ್ಯೂಬಿನ ಚೀಟಿಯ ಮೇಲೆ ಹೆಸರು, ಹುಟ್ಟಿದ ತಾರೀಖು, ತೆಗೆದ ದಿನ, ಮೂರೂ ನಿಮ್ಮ ಕಣ್ಣೆದುರೇ ಬರೆಯಲಿ. ಒಂದೇ ಹೆಸರಿನ ಎರಡು ಮಕ್ಕಳ ಟ್ಯೂಬು ಅದಲುಬದಲಾದರೆ ಮುಂದೆ ಯಾರಿಗೂ ಗೊತ್ತಾಗುವುದಿಲ್ಲ.

ವರದಿ ಬಂದ ಮೇಲೆ ಓದುವುದು ಕಷ್ಟವಲ್ಲ. ಎನ್‌ಯುಡಿಟಿ15ರ ಎದುರು ಸಿ/ಸಿ ಎಂದಿದ್ದರೆ ಎರಡೂ ಪ್ರತಿ ಸರಿ. ಸಿ/ಟಿ ಎಂದರೆ ಒಂದು ದುರ್ಬಲ. ಟಿ/ಟಿ ಎಂದರೆ ಎರಡೂ. ಕೆಲವು ಲ್ಯಾಬು ನಕ್ಷತ್ರ ಹಾಕಿ *1/*1, *1/*3, *3/*3 ಎಂದು ಬರೆಯುತ್ತವೆ. ಟಿಪಿಎಂಟಿಯಲ್ಲಿ ನಮ್ಮವರಲ್ಲಿ ಹೆಚ್ಚಾಗಿ ಸಿಗುವ ದುರ್ಬಲ ಪ್ರತಿ *3ಸಿ.

ಡೋಸಿನ ತೀರ್ಮಾನ ಡಾಕ್ಟರದ್ದೇ, ಆದರೆ ಲೆಕ್ಕ ನಿಮಗೂ ಗೊತ್ತಿರಲಿ. 20 ಕಿಲೋ ಮಗುವಿಗೆ ಕಿಲೋಗೆ 2 ಮಿ.ಗ್ರಾಂ. ಎಂದರೆ ದಿನಕ್ಕೆ 40. ಮಾತ್ರೆ ಸಿಗುವುದು 25 ಮತ್ತು 50ರಲ್ಲಿ. ಹಾಗಾಗಿ ಒಂದು ದಿನ 25, ಮರುದಿನ 50 ಎಂದು ಬರೆಯುವುದುಂಟು; ಸರಾಸರಿ 37.5 ಆಗುತ್ತದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕದಿದ್ದರೆ ಎರಡು ದಿನ ಸತತ 50 ಹೋಗುವುದು ಖಂಡಿತ. ಸಿ/ಟಿ ಇರುವ ಮಗುವಿಗೆ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುವುದು ಪೂರ್ತಿ ಡೋಸಿನ 30ರಿಂದ 80 ಶೇಕಡಾದಿಂದ ಶುರು ಮಾಡಿ, 2ರಿಂದ 4 ವಾರ ರಕ್ತಕಣ ನೋಡಿ ಹೊಂದಿಸಬೇಕು ಎಂದು. ನಮ್ಮ ಉದಾಹರಣೆಯಲ್ಲಿ ದಿನಕ್ಕೆ ಒಂದೇ 25ರ ಮಾತ್ರೆ. ಟಿಪಿಎಂಟಿಯೂ ಒಂದು ಪ್ರತಿ ದುರ್ಬಲವಾಗಿದ್ದರೆ ಇನ್ನೂ ಕಡಿಮೆ. ಟಿ/ಟಿ ಬಂದರೆ ಕೀಲೂತ, ಕರುಳೂತಕ್ಕೆ ಈ ಔಷಧವನ್ನೇ ಬಿಟ್ಟು ಬೇರೆಯದನ್ನು ಹಿಡಿಯುತ್ತಾರೆ. ‘ಸ್ವಲ್ಪ ಕೊಟ್ಟು ನೋಡೋಣ’ ಎನ್ನುವ ಜಾಗ ಇದಲ್ಲ.

ವರದಿಗೆ ಕಾಯುವಷ್ಟು ಸಮಯ ಇಲ್ಲ ಅನ್ನಿಸುವುದು ಸಹಜ. ಅಜಾಥಯೋಪ್ರಿನ್ ಹಿಡಿಯಲು ಹೇಗಿದ್ದರೂ 8ರಿಂದ 12 ವಾರ ಬೇಕು, ಅಲ್ಲಿಯವರೆಗೆ ಮಗುವನ್ನು ನಡೆಸುವುದು ಸ್ಟೆರಾಯ್ಡೇ. ವರದಿಗಾಗಿ ಒಂದೆರಡು ವಾರ ಹೋದರೆ ನಷ್ಟವಿಲ್ಲ. ಹೊಸ ಮಾತ್ರೆ ಶುರುವಾಯಿತಲ್ಲ ಎಂದು ಸ್ಟೆರಾಯ್ಡನ್ನು ತಟ್ಟನೆ ನಿಲ್ಲಿಸಿದರೆ ನಷ್ಟವಿದೆ. ಮೈ ತನ್ನದೇ ಸ್ಟೆರಾಯ್ಡ್ ತಯಾರಿಸುವುದನ್ನು ಮರೆತಿರುತ್ತದೆ. ಮಗು ಸುಸ್ತಾಗಿ ಬೀಳುತ್ತದೆ.

ಜೀನ್ ಸರಿಯಿದ್ದರೂ ಸಿಬಿಸಿ (ರಕ್ತಕಣಗಳ ಎಣಿಕೆ) ತಪ್ಪುವುದಿಲ್ಲ

ಬಿಳಿ ರಕ್ತಕಣ ಕುಸಿದವರಲ್ಲಿ ಈ ಎರಡೂ ಜೀನ್ ಸರಿಯಿರುವವರೂ ಬೇಕಾದಷ್ಟು ಮಂದಿ ಇರುತ್ತಾರೆ. ವೈರಲ್ ಜ್ವರ ಬಂದರೂ, ಜೊತೆಗೆ ಬೇರೆ ಔಷಧ ಸೇರಿದರೂ ಕುಸಿಯಬಹುದು. ಮೊದಲ ತಿಂಗಳು ವಾರಕ್ಕೊಮ್ಮೆ, ಮುಂದಿನ ಎರಡು ತಿಂಗಳು ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಸ್ಥಿರವಾದ ಮೇಲೆ ಮೂರು ತಿಂಗಳಿಗೊಮ್ಮೆ ಸಿಬಿಸಿ. ಜೊತೆಗೆ ಲಿವರ್ ಪರೀಕ್ಷೆ. ಡೋಸು ಏರಿಸಿದಾಗಲೆಲ್ಲ ಈ ಎಣಿಕೆ ಮತ್ತೆ ಮೊದಲಿನಿಂದ. ಸಿಬಿಸಿಗಾಗಿ ಬೆಂಗಳೂರಿಗೆ ಹೋಗಬೇಕಿಲ್ಲ, ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ವರದಿಯ ಫೋಟೋ ತೆಗೆದು ಕಳಿಸಿ. ಸಾಧ್ಯವಾದಷ್ಟೂ ಒಂದೇ ಲ್ಯಾಬಿನಲ್ಲಿ ಮಾಡಿಸಿ.

ಚಿಕ್ಕ ಲ್ಯಾಬಿನ ವರದಿಯಲ್ಲಿ ನ್ಯೂಟ್ರೋಫಿಲ್ (ಸೋಂಕು ತಡೆಯುವ ಬಿಳಿ ರಕ್ತಕಣ) ಶೇಕಡಾ ಮಾತ್ರ ಇರುತ್ತದೆ, ಅದೇ ಮೋಸ. ಟೋಟಲ್ ಕೌಂಟ್ 3200, ನ್ಯೂಟ್ರೋಫಿಲ್ 40 ಎಂದಿದ್ದರೆ 3200ನ್ನು 40ರಿಂದ ಗುಣಿಸಿ 100ರಿಂದ ಭಾಗಿಸಿ: 1280. ‘40 ಇದೆಯಲ್ಲ, ಪರವಾಗಿಲ್ಲ’ ಎಂದು ಕೂರುವ ಸಂಖ್ಯೆ ಇದಲ್ಲ. 1500ಕ್ಕಿಂತ ಕೆಳಗಿಳಿದರೆ ಅದೇ ದಿನ ಫೋನ್ ಮಾಡಿ. 1000ಕ್ಕಿಂತ ಕೆಳಗಾದರೆ ಮುಂದಿನ ಮಾತ್ರೆಗೆ ಮುಂಚೆಯೇ ಡಾಕ್ಟರು ಸಿಗಬೇಕು. ಸಾಮಾನ್ಯವಾಗಿ ನಿಲ್ಲಿಸಿ ಎನ್ನುತ್ತಾರೆ. ಅದರ ಜೊತೆ ಜ್ವರವೂ ಇದ್ದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎನ್ನಬೇಡಿ, ರಾತ್ರಿಯೇ ಜಿಲ್ಲಾ ಆಸ್ಪತ್ರೆಗೆ ಹೊರಡಿ.

ಎನ್‌ಯುಡಿಟಿ15 ದೋಷಕ್ಕೆ ಒಂದು ಹೊರಗುರುತು ಇದೆ: ಕೂದಲು. ಮಾತ್ರೆ ಶುರುವಾದ ಎರಡನೆಯ ವಾರದಿಂದ ಎರಡು ತಿಂಗಳೊಳಗೆ ತಲೆ ಬಾಚಿದರೆ ಹಿಡಿಹಿಡಿಯಾಗಿ ಬರುತ್ತದೆ, ಬೆಳಗ್ಗೆ ದಿಂಬಿನ ತುಂಬ ಕೂದಲು. ಅಜ್ಜಿ ಕೊಬ್ಬರಿ ಎಣ್ಣೆ ಹಚ್ಚುವ ಮುಂಚೆ ಸಿಬಿಸಿ ಮಾಡಿಸಿ, ಬಿಳಿ ರಕ್ತಕಣ ಆಗಲೇ ಕುಸಿಯುತ್ತಿರಬಹುದು. 6-ಟಿಜಿಎನ್ ಎಂಬ ಔಷಧಮಟ್ಟದ ಪರೀಕ್ಷೆ ಇಂಥ ಮಕ್ಕಳಲ್ಲಿ ನಾರ್ಮಲ್ ಎಂದೇ ತೋರಿಸಬಹುದು. ಅದನ್ನು ನಂಬಿ ಕೂರಬೇಡಿ.

ಮೊದಲ ತಿಂಗಳಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ಬೆನ್ನಿಗೆ ಹೊಡೆಯುವ ನೋವು, ವಾಂತಿ ಬಂದರೆ ಅದು ಮೇದೋಜೀರಕದ ಉರಿಯೂತ ಇರಬಹುದು. ಇದಕ್ಕೂ ಡೋಸಿಗೂ ಸಂಬಂಧ ಕಡಿಮೆ, ರೋಗನಿರೋಧಕ ಶಕ್ತಿಗೆ ಸೇರಿದ ಎಚ್ಎಲ್ಎ ಜೀನುಗಳ ಒಂದು ಬಗೆಯಲ್ಲಿ ಹೆಚ್ಚಾಗಿ ಬರುತ್ತದೆ. ಒಮ್ಮೆ ಆದರೆ ಆ ಔಷಧ ಮತ್ತೆ ಮುಟ್ಟುವ ಹಾಗಿಲ್ಲ.

ಮೆಥೋಟ್ರೆಕ್ಸೇಟ್: ಇಲ್ಲಿ ಕೆಡಿಸುವುದು ಕವರ್ ಮೇಲಿನ ಗೀಚು

ಮೈ ಫೋಲಿಕ್ ಆಸಿಡ್ ಬಳಸಿಕೊಳ್ಳುವುದಕ್ಕೆ ಸಂಬಂಧಿಸಿದ ಎಂಟಿಎಚ್ಎಫ್ಆರ್ ಜೀನಿನ 677 ಮತ್ತು 1298ನೆಯ ಜಾಗಗಳ ವ್ಯತ್ಯಾಸ ಮೆಥೋಟ್ರೆಕ್ಸೇಟಿನ ಫಲ, ಅಡ್ಡ ಪರಿಣಾಮ ಹೇಳಬಲ್ಲದೇ ಎಂದು ವರ್ಷಗಳಿಂದ ನೋಡುತ್ತಿದ್ದಾರೆ. ಒಂದು ಅಧ್ಯಯನ ಹೌದು ಎಂದರೆ ಇನ್ನೊಂದು ಇಲ್ಲ ಎನ್ನುತ್ತದೆ. ಔಷಧವನ್ನು ಜೀವಕೋಶದ ಒಳಗೆ ಒಯ್ಯುವ, ಹೊರಗೆ ತಳ್ಳುವ ಜೀನುಗಳದ್ದೂ ಅದೇ ಕತೆ. ಈ ವರದಿ ನೋಡಿ ಡೋಸು ಬದಲಿಸುವುದು ವಾಡಿಕೆಯಲ್ಲ. ಹಾಗಾಗಿ ಆ ದುಡ್ಡನ್ನು ಊರಿಂದ ನಾಲ್ಕು ಸಲ ಓಡಾಡುವ ಖರ್ಚಿಗೆ ಇಟ್ಟುಕೊಳ್ಳಿ.

ಈ ಔಷಧದ ಅಪಾಯ ಬೇರೆ ಕಡೆ ಇದೆ. ಇದು ವಾರಕ್ಕೆ ಒಂದೇ ದಿನ. ಮೆಡಿಕಲ್ ಸ್ಟೋರಿನ ಕವರ್ ಮೇಲೆ ಅಭ್ಯಾಸಬಲದಿಂದ 1-0-0 ಎಂದು ಗೀಚಿದರೆ ಅದು ದಿನಾ ಬೆಳಗ್ಗೆ ಒಂದು ಎಂದಾಗುತ್ತದೆ. ಇನ್ನೊಂದು ತೊಡಕು: ಜೊತೆಗೆ ಕೊಡುವ ಫೋಲಿಕ್ ಆಸಿಡ್ ಮಾತ್ರೆಯೂ ಸಾಮಾನ್ಯವಾಗಿ ಚಿಕ್ಕದು, ಹಳದಿ. ಎರಡೂ ಅದಲುಬದಲಾದರೆ ಮೆಥೋಟ್ರೆಕ್ಸೇಟ್ ದಿನಾ, ಫೋಲಿಕ್ ವಾರಕ್ಕೊಮ್ಮೆ. ನಾಲ್ಕೈದು ದಿನದಲ್ಲಿ ಬಾಯಿ ತುಂಬ ಹುಣ್ಣು, ಆಮೇಲೆ ಜ್ವರ, ರಕ್ತಕಣ ಕುಸಿತ. ಹೀಗಾಗಿದೆ ಎಂಬ ಅನುಮಾನ ಬಂದ ಗಳಿಗೆಯೇ ಆಸ್ಪತ್ರೆಗೆ ಹೋಗಿ ‘ದಿನಾ ಕೊಟ್ಟುಬಿಟ್ಟಿದ್ದೇವೆ’ ಎಂದು ಬಾಯಿಬಿಟ್ಟು ಹೇಳಿ. ಲ್ಯೂಕೊವೊರಿನ್ ಎಂಬ ಮದ್ದಿದೆ, ತಡವಾದಷ್ಟೂ ಅದರ ಬಲ ಕಡಿಮೆ.

ತಪ್ಪಿಸುವ ಉಪಾಯ: ಒಂದು ದಿನ ಆರಿಸಿ, ಭಾನುವಾರ ಎಂದಿಟ್ಟುಕೊಳ್ಳಿ. ಮೆಥೋಟ್ರೆಕ್ಸೇಟಿನ ಪಟ್ಟಿಯನ್ನು ಬೇರೆ ಡಬ್ಬಿಯಲ್ಲಿ, ಮೇಲಿನ ಶೆಲ್ಫಿನಲ್ಲಿ ಇಟ್ಟು ‘ಭಾನುವಾರ ಮಾತ್ರ’ ಎಂದು ಮಾರ್ಕರಿನಲ್ಲಿ ಬರೆಯಿರಿ. ಮಾತ್ರೆ ಯಾವಾಗಲೂ ಒಂದೇ ಶಕ್ತಿಯದ್ದಿರಲಿ. 2.5, 5, 7.5, 10 ಎಲ್ಲ ಸಿಗುತ್ತವೆ. ಈ ತಿಂಗಳು 2.5ರದ್ದು ಐದು ಕೊಟ್ಟವರು ಮುಂದಿನ ತಿಂಗಳು 5ರದ್ದನ್ನೂ ಐದೇ ಕೊಟ್ಟರೆ ಡೋಸು ಇಮ್ಮಡಿ.

ಡೋಸಿನ ಲೆಕ್ಕ ಮೈಯ ಹೊರಮೈ ವಿಸ್ತೀರ್ಣದ ಮೇಲೆ, ಚದರ ಮೀಟರಿಗೆ 10ರಿಂದ 15 ಮಿ.ಗ್ರಾಂ. ಎತ್ತರ ಸೆಂ.ಮೀ.ನಲ್ಲಿ, ತೂಕ ಕಿಲೋದಲ್ಲಿ. ಎರಡನ್ನೂ ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. 120 ಸೆಂ.ಮೀ., 22 ಕಿಲೋ ಮಗುವಿಗೆ 0.86 ಬರುತ್ತದೆ. 15ರಿಂದ ಗುಣಿಸಿದರೆ ಸುಮಾರು 12.9, ಕೊಡುವುದು 12.5, ಅಂದರೆ 2.5ರ ಐದು ಮಾತ್ರೆ. ಮಗು ಬೆಳೆಯುತ್ತದೆ, ಡೋಸು ಹಳೆಯದೇ ಉಳಿಯುತ್ತದೆ. ‘ಮೊದಲು ಹಿಡಿದಿತ್ತು, ಈಗ ಹಿಡಿಯುತ್ತಿಲ್ಲ’ ಎಂಬ ದೂರಿಗೆ ಜೀನಿಗಿಂತ ಈ ಕಾರಣವೇ ಹೆಚ್ಚು. ಮೂರು ತಿಂಗಳಿಗೊಮ್ಮೆ ಎತ್ತರ ತೂಕ ಬರೆದಿಡಿ.

ಇನ್ನೊಂದು ಸಾಮಾನ್ಯ ಕಾರಣ ಹೀರಿಕೆ. ಬಾಯಿಯಿಂದ ಕೊಟ್ಟಾಗ 15 ಮಿ.ಗ್ರಾಂ. ದಾಟಿದರೆ ಕರುಳು ಹೀರುವುದು ಹೆಚ್ಚಾಗುವುದಿಲ್ಲ. ಚರ್ಮದ ಕೆಳಗಿನ ಇಂಜೆಕ್ಷನ್ನಿಗೆ ಆ ಮಿತಿಯಿಲ್ಲ. ಬಾಟಲಿಗಳು ಬೇರೆ ಬೇರೆ ಸಾಂದ್ರತೆಯಲ್ಲಿ ಬರುತ್ತವೆ, ಆದ್ದರಿಂದ ಎಷ್ಟು ಮಿ.ಲೀ. ಎಂಬುದನ್ನು ಪ್ರತಿ ಹೊಸ ಬಾಟಲಿಗೂ ಮತ್ತೆ ಲೆಕ್ಕ ಹಾಕಿಸಿ. ಮನೆಯಲ್ಲಿ ಬಸುರಿಯಿದ್ದರೆ ಅವರು ಈ ಮಾತ್ರೆಯನ್ನಾಗಲಿ ಸಿರಿಂಜನ್ನಾಗಲಿ ಮುಟ್ಟಬಾರದು.

ಔಷಧ ಹಿಡಿಯಿತೋ ಇಲ್ಲವೋ ಎಂಬ ತೀರ್ಪು 12 ವಾರಕ್ಕೆ ಮುಂಚೆ ಬೇಡ. ಶುರುವಿನಲ್ಲಿ, ನಾಲ್ಕು ವಾರಕ್ಕೆ, ಆಮೇಲೆ ಮೂರು ತಿಂಗಳಿಗೊಮ್ಮೆ ಸಿಬಿಸಿ, ಲಿವರಿಗೆ ಎಎಲ್‌ಟಿ, ಕಿಡ್ನಿಗೆ ಕ್ರಿಯಾಟಿನಿನ್. ವಾಂತಿ ಭೇದಿಯಾಗಿ ಮಗು ಬಳಲಿದ ವಾರ ಮಾತ್ರೆ ಕೊಡುವ ಮುಂಚೆ ಕೇಳಿ, ಏಕೆಂದರೆ ಔಷಧ ಹೊರಹೋಗುವುದು ಕಿಡ್ನಿಯಿಂದ. ಊರಿನ ಕ್ಲಿನಿಕ್ಕಿನಲ್ಲಿ ಕೆಮ್ಮು, ಭೇದಿ ಎಂದು ಹೋದಾಗ ಕೋಟ್ರೈಮಾಕ್ಸಜೋಲ್ ಎಂಬ ಆಂಟಿಬಯೋಟಿಕ್ ಬರೆಯದಂತೆ ಮೊದಲೇ ಹೇಳಿಬಿಡಿ. ಅದೂ ಫೋಲಿಕ್ ದಾರಿಯನ್ನೇ ತಡೆಯುತ್ತದೆ. ಎರಡೂ ಸೇರಿದರೆ ಮಜ್ಜೆ ನಿಂತುಹೋಗಬಹುದು.

ಗಂಡುಮಕ್ಕಳ ಸಲ್ಫಾಸಲಜೀನ್, ಬಿ27

ಎಂಟು ಹತ್ತು ವರ್ಷದ ಹುಡುಗನಿಗೆ ಹಿಮ್ಮಡಿ, ಮಂಡಿ, ಸೊಂಟ ನೋವಾಗಿ ಎಚ್ಎಲ್ಎ-ಬಿ27 ಪಾಸಿಟಿವ್ ಬಂದರೆ ಗಾಬರಿಯಾಗಬೇಡಿ. ಬಿ27 ಇರುವ ಹೆಚ್ಚಿನವರಿಗೆ ಜೀವಮಾನವಿಡೀ ಏನೂ ಆಗುವುದಿಲ್ಲ. ಅದು ಕಾಯಿಲೆಯ ಬಗೆ ಗುರುತಿಸಲು ಸಹಾಯ, ಯಾವ ಔಷಧ ಎಂದು ಹೇಳುವುದಿಲ್ಲ. ಒಮ್ಮೆ ಮಾಡಿಸಿದರೆ ಸಾಕು, ಮತ್ತೆ ಮಾಡಿಸುವುದು ವ್ಯರ್ಥ.

ಈ ಹುಡುಗರಿಗೆ ಸಲ್ಫಾಸಲಜೀನ್ ಬರೆಯುತ್ತಾರೆ. ಅದಕ್ಕೆ ಮುಂಚೆ ಮಾಡಿಸಬೇಕಾದ್ದು ಜಿ6ಪಿಡಿ, ಅಂದರೆ ಕೆಂಪು ರಕ್ತಕಣವನ್ನು ಕಾಯುವ ಕಿಣ್ವದ ಪರೀಕ್ಷೆ. ಈ ಕಿಣ್ವದ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ. ಗಂಡಿಗೆ ಇರುವುದು ಒಂದೇ ಪ್ರತಿ, ಅದು ಕೆಟ್ಟಿದ್ದರೆ ಈ ಮಾತ್ರೆಯಿಂದ ಕೆಂಪು ರಕ್ತಕಣ ಒಡೆಯಬಹುದು, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಬಹುದು. ರಕ್ತ ಒಡೆಯುತ್ತಿರುವಾಗಲೇ ಪರೀಕ್ಷೆ ಮಾಡಿದರೆ ಹಳೆಯ ಕಣಗಳು ಸತ್ತು ಎಳೆಯವು ಮಾತ್ರ ಉಳಿದಿರುವುದರಿಂದ ಸುಳ್ಳು ನಾರ್ಮಲ್ ಬರಬಹುದು. ಮಾತ್ರೆಗೆ ಮುಂಚೆಯೇ ಮಾಡಿಸುವುದು ಅದಕ್ಕೇ.

ಇಂಜೆಕ್ಷನ್ ಹಂತಕ್ಕೆ ಬಂದಾಗ

ಅಡಾಲಿಮುಮಾಬ್, ಇನ್‌ಫ್ಲಿಕ್ಸಿಮಾಬ್ ಥರದ ಟಿಎನ್ಎಫ್ ತಡೆಯುವ ಔಷಧಕ್ಕೆ ಮುಂಚೆ ಕೇಳಬೇಕಾದ ದೊಡ್ಡ ಪ್ರಶ್ನೆ ಜೀನಿನದಲ್ಲ, ಟಿಬಿಯದು. ಚರ್ಮಕ್ಕೆ ಚುಚ್ಚಿ ನೋಡುವ ಮಾಂಟೂ ಅಥವಾ ರಕ್ತದಲ್ಲಿ ನೋಡುವ ಐಜಿಆರ್‌ಎ, ಜೊತೆಗೆ ಎದೆಯ ಎಕ್ಸ್‌ರೇ. ಸ್ಟೆರಾಯ್ಡ್, ಮೆಥೋಟ್ರೆಕ್ಸೇಟಿನ ಮೇಲಿರುವ ಮಗುವಿನಲ್ಲಿ ಮಾಂಟೂ 5 ಮಿ.ಮೀ. ಗಟ್ಟಿಯಾದರೂ ಪಾಸಿಟಿವ್ ಎಂದೇ ಲೆಕ್ಕ. 48ರಿಂದ 72 ಗಂಟೆಯೊಳಗೆ ಓದಿಸಬೇಕು. ಶುಕ್ರವಾರ ಹಾಕಿಸಿದರೆ 48 ಗಂಟೆಗೆ ಭಾನುವಾರ, ಆಸ್ಪತ್ರೆಯ ಹೊರರೋಗಿ ವಿಭಾಗ ಮುಚ್ಚಿರುತ್ತದೆ; ಉಳಿಯುವುದು ಸೋಮವಾರ, ಹಾಕಿಸಿದ ಹೊತ್ತಿನೊಳಗೆ ಮಾತ್ರ.

ಎಚ್ಎಲ್ಎ-ಡಿಕ್ಯುಎ1*05 ಬಗೆಯಿರುವವರಲ್ಲಿ ಈ ಔಷಧಗಳ ವಿರುದ್ಧ ಪ್ರತಿಕಾಯ ಬೇಗ ಹುಟ್ಟುತ್ತದೆ ಎಂದು ಕ್ರೋನ್ಸ್ ರೋಗಿಗಳ ಅಧ್ಯಯನದಲ್ಲಿ ಕಂಡಿದೆ. ಜೊತೆಗೆ ಮೆಥೋಟ್ರೆಕ್ಸೇಟ್ ಅಥವಾ ಅಜಾಥಯೋಪ್ರಿನ್ ಇದ್ದರೆ ಪ್ರತಿಕಾಯ ಕಡಿಮೆ. ಆದ್ದರಿಂದ ‘ಇಂಜೆಕ್ಷನ್ ಬಂತಲ್ಲ’ ಎಂದು ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಜ್ವರ, ದದ್ದಿನೊಡನೆ ಬರುವ ಸಿಸ್ಟಮಿಕ್ ಬಗೆಯ ಕೀಲೂತದಲ್ಲಿ ಐಎಲ್1, ಐಎಲ್6 ಎಂಬ ಉರಿಯೂತದ ಸಂಕೇತಗಳನ್ನು ತಡೆಯುವ ಔಷಧದ ಮೇಲಿರುವ ಮಗುವಿಗೆ ಹೊಸ ದದ್ದು, ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣದ ಏರಿಕೆ, ಉಸಿರಾಟದ ತೊಂದರೆ ಬಂದರೆ ತಜ್ಞರು ಎಚ್ಎಲ್ಎ-ಡಿಆರ್‌ಬಿ1*15 ನೋಡಿಸಬಹುದು.

ಇಂಜೆಕ್ಷನ್ ಇರಬೇಕಾದ್ದು 2ರಿಂದ 8 ಡಿಗ್ರಿಯಲ್ಲಿ. ಬೆಂಗಳೂರಿನಿಂದ ತುಮಕೂರಿಗೆ 70 ಕಿ.ಮೀ.; ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕಿಗೆ ತಾಗದಂತೆ ನಡುವೆ ಟವೆಲ್ ಇಟ್ಟು ತನ್ನಿ. ಬಿಸಿಗಿಂತ ಬೇಗ ಕೆಡಿಸುವುದು ಹೆಪ್ಪುಗಟ್ಟುವುದು.

ಎಕ್ಸೋಮ್ ಎಂದರೆ

ಒಂದೇ ಜೀನಿನ ದೋಷದ ಅನುಮಾನವಿದ್ದರೆ ಎಲ್ಲ ಜೀನುಗಳ ಕೆಲಸದ ಭಾಗವನ್ನು ಒಟ್ಟಿಗೆ ಓದುವ ಎಕ್ಸೋಮ್ ಬರೆಯುತ್ತಾರೆ. ಮಗುವಿನ ಜೊತೆ ಅಪ್ಪ ಅಮ್ಮನ ರಕ್ತವನ್ನೂ ಕೊಟ್ಟರೆ ಉತ್ತರ ಹೆಚ್ಚು ಸ್ಪಷ್ಟ. ವರದಿಯಲ್ಲಿ ‘ಅರ್ಥ ಖಚಿತವಿಲ್ಲದ ವ್ಯತ್ಯಾಸ’ ಎಂದು ಬಂದರೆ ಅದನ್ನು ನೋಡಿ ಔಷಧ ಬದಲಿಸುವುದಿಲ್ಲ. ಒಂದೆರಡು ವರ್ಷದ ಮೇಲೆ ಮರುಪರಿಶೀಲಿಸಲು ಕೇಳಬಹುದು, ಅದಕ್ಕೆ ಮೂಲ ದತ್ತಾಂಶ ಇಟ್ಟುಕೊಳ್ಳಿ. ಎನ್‌ಯುಡಿಟಿ15ರ ಆ ಅಕ್ಷರ ಎಕ್ಸೋಮಿನ ಒಳಗೇ ಇರುತ್ತದೆ, ಆದರೆ ಕೇಳದೆ ಬರೆಯುವುದಿಲ್ಲ. ಎಕ್ಸೋಮ್ ಹೇಗಿದ್ದರೂ ಮಾಡಿಸುತ್ತಿದ್ದರೆ ಅರ್ಜಿಯಲ್ಲೇ ‘ಎನ್‌ಯುಡಿಟಿ15, ಟಿಪಿಎಂಟಿ ತಿಳಿಸಿ’ ಎಂದು ಡಾಕ್ಟರ ಕೈಯಲ್ಲಿ ಬರೆಸಿ.

ಖರ್ಚಿನ ವಿಷಯ: ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಚಿಕಿತ್ಸೆಗೆ ಹೋಗುವುದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಮೊದಲೇ ಬೇಕಾಗಬಹುದು, ಆ ಚೀಟಿಯಿಲ್ಲದೆ ಬಸ್ಸು ಹತ್ತಬೇಡಿ. ಹೊರಗೆ ಮಾಡಿಸುವ ಜೀನ್ ಪರೀಕ್ಷೆ ಅದರಲ್ಲಿ ಸೇರುತ್ತದೆ ಎಂದುಕೊಳ್ಳದೆ ಮೊದಲೇ ವಿಚಾರಿಸಿ.

ಜೀನಿನ ಉತ್ತರ ಜೀವಮಾನಕ್ಕೆ ಒಂದೇ. ಎನ್‌ಯುಡಿಟಿ15 ಸಿ/ಟಿ ಅಥವಾ ಟಿ/ಟಿ ಬಂದರೆ ಒಂದು ಕಾರ್ಡಿನಲ್ಲಿ ಮಗುವಿನ ಹೆಸರು, ಪರೀಕ್ಷೆಯ ತಾರೀಖು, ಫಲಿತಾಂಶ, ಕೆಳಗೆ ‘ಅಜಾಥಯೋಪ್ರಿನ್, 6-ಎಂಪಿ ಎಚ್ಚರಿಕೆ’ ಎಂದು ಬರೆದು ಲ್ಯಾಮಿನೇಟ್ ಮಾಡಿಸಿ. ಇದೇ 6-ಎಂಪಿಯನ್ನು ರಕ್ತ ಕ್ಯಾನ್ಸರಿಗೂ ಕೊಡುತ್ತಾರೆ. ಅಪ್ಪ ಅಮ್ಮ ಇಬ್ಬರೂ ಸಿ/ಟಿ ಆಗಿದ್ದರೆ ಪ್ರತಿ ಮಗುವಿಗೂ ಟಿ/ಟಿ ಆಗುವ ಸಾಧ್ಯತೆ ನಾಲ್ಕರಲ್ಲೊಂದು, ಆದ್ದರಿಂದ ಅಣ್ಣ ತಂಗಿಯರ ಹೆಸರಿನಲ್ಲೂ ಒಂದು ಟಿಪ್ಪಣಿ ಇರಲಿ. ಕಾರ್ಡಿನ ಒಂದು ಪ್ರತಿ ಆಸ್ಪತ್ರೆಯ ಫೈಲಿನ ಮೊದಲ ಪುಟಕ್ಕೆ ಪಿನ್ ಮಾಡಿ, ಇನ್ನೊಂದರ ಫೋಟೋ ಅಪ್ಪ ಅಮ್ಮ ಇಬ್ಬರ ಫೋನಿನಲ್ಲೂ ಇರಲಿ.